ಕ್ಯಾಮರಾ ಹಿಡಿದು ಹಂಪೆಗೆ

ಕ್ರಿಸ್‌ಮಸ್ ರಜೆ ಮೂರೇ ದಿನ. ತಾಂಡವಪುರದಿಂದ ಮೈಸೂರಿಗೆ ಬಂದು ಹಂಪಿ ಎಕ್ಸ್‌ಪ್ರೆಸ್ ಹತ್ತಿದವನು ಬೆಳಿಗ್ಗೆ ಹೊಸಪೇಟೆಯಲ್ಲಿಳಿದೆ. ಹೆಗಲಿನಲ್ಲಿ ಸೋದರಮಾವನ ಕ್ಯಾಮರಾ. ಜೇಬಿನಲ್ಲಿ ಒಂದು ಹಳೆಯ ಛಾಯಾಚಿತ್ರದ ಪ್ರತಿ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣದ ಕಾಗದದ ಮೇಲೆ ಹಿಡಿದ, ವಿಠಲ ದೇವಾಲಯದ ಕಲ್ಲಿನ ರಥವದು.

ರಥದ ಮುಂದೆ ನಿಂತು ಎರಡನ್ನೂ ಹೋಲಿಸಿ ನೋಡಿದೆ. 50 ರೂಪಾಯಿ ನೋಟಿನ ಮೇಲೆ ನಾವು ದಿನವೂ ಕಾಣುವ ಈ ರಥಕ್ಕೆ ತಲೆಯೇ ಇಲ್ಲ! ಗ್ರೀನ್‌ಲಾನ ಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಗೋಪುರ ಹೋಯಿತು, ಕಾಗದ ಉಳಿಯಿತು.

ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲ ಕೋಣೆಯಲ್ಲಿ ಇನ್ನೊಂದು ಸೋಜಿಗ. ಸಣ್ಣ ಕಿಂಡಿಯಿಂದ ನುಗ್ಗಿದ ಬೆಳಕು ರಾಜಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಶಾಲೆಯಲ್ಲಿ ಸೂಜಿರಂಧ್ರದ ಕ್ಯಾಮರಾ ಮಾಡಿದವರಿಗೆ ಇದರ ಗುಟ್ಟು ಗೊತ್ತು. ಆದರೂ ಕೋಣೆಯೇ ಕ್ಯಾಮರಾ ಆದದ್ದನ್ನು ಕಂಡು ನನ್ನದನ್ನು ಚೀಲದೊಳಗಿಟ್ಟೆ.

ಹೊರಗೆ ಬಜಾರು. ಸಾಲುಮಂಟಪಗಳಲ್ಲಿ ಬಾಳುತ್ತಿದ್ದವರ ಮನೆ, ಅಂಗಡಿಗಳನ್ನು 2011ರಲ್ಲಿ ಕೆಡವಿ ಹಳೆಯ ಕಲ್ಲನ್ನಷ್ಟೇ ಉಳಿಸಿದರು. ಸ್ಮಾರಕಕ್ಕೆ ಅದರಿಂದ ಒಳಿತಾಗಿರಬಹುದು. ಬಾಳೆಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು ಎರಡು ಕಂಬಗಳ ನಡುವೆ ಕೈ ತೋರಿ, “ಅಲ್ಲೇ ನೋಡಪ್ಪಾ, ನಮ್ಮ ಒಲಿ ಇತ್ತು” ಎಂದಳು. ಹೋಗಿ ನೋಡಿದರೆ ಹೊಗೆಯ ಮಸಿಯೂ ಕಾಣಲಿಲ್ಲ. ಗ್ರೀನ್‌ಲಾ ಇದ್ದಿದ್ದರೆ ಕಂಬಗಳನ್ನೇ ಹಿಡಿಯುತ್ತಿದ್ದನೋ ಏನೋ. “ಅಲ್ಲೇ ನಿಂತುಕೋ ಅಜ್ಜಿ, ಒಂದು ಫೋಟೋ ತೆಗೀತೀನಿ” ಎಂದೆ. ಆಕೆ ಬುಟ್ಟಿಯನ್ನು ಬದಿಗಿಟ್ಟು, ಸೆರಗು ಸರಿಪಡಿಸಿಕೊಂಡು, ನೆಂಟರನ್ನು ಬಾಗಿಲಲ್ಲಿ ಎದುರುಗೊಳ್ಳುವವಳಂತೆ ನಿಂತಳು.