ಮನೆಯ ಸಮೇತ ಘಾಟಿ ಇಳಿದದ್ದು

ಆಗುಂಬೆ ಘಾಟಿಯಲ್ಲಿ ಬಸ್ಸಿನಲ್ಲಿ ಓಡಾಡಿ ಬೆಳೆದವರಿಗೆ ಕಾದ ಬ್ರೇಕಿನ ವಾಸನೆಯನ್ನು ಪರಿಚಯಿಸಬೇಕಾಗಿಲ್ಲ. ಸುಟ್ಟ ರಬ್ಬರಿನಂತಿದ್ದರೂ ರಬ್ಬರಲ್ಲದ, ಗಂಟಲು ಕೆರೆಯುವ ಕಮಟು ಅದು. ಅದೇ ವಾಸನೆ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ಮೇ ತಿಂಗಳಲ್ಲೂ ಹಿಮ ಕರಗದ ಬೆಟ್ಟಗಳ ನಡುವೆ ನನ್ನ ಮೂಗಿಗೆ ಬಡಿದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅದು 2024ರ ಬೇಸಿಗೆ ರಜೆ. ಡೆನ್ವರಿನಲ್ಲಿರುವ ಮಗಳ ಮನೆಗೆ ನಾನೂ ನನ್ನಾಕೆಯೂ ಹೋಗಿದ್ದೆವು. ಯೂಟಾ ರಾಜ್ಯದ ಆರ್ಚಸ್ ರಾಷ್ಟ್ರೀಯ ಉದ್ಯಾನದ ಕಲ್ಲಿನ ಕಮಾನುಗಳನ್ನು ತೋರಿಸಲೆಂದು ಅಳಿಯಂದಿರು ಒಂದು ಮೋಟಾರ್ ಹೋಮ್ ಬಾಡಿಗೆಗೆ ತಂದರು. ಮುಂದೆ ವ್ಯಾನಿನ ಮೂತಿ, ಹಿಂದೆ ಪುಟ್ಟ ಮನೆ. ಒಲೆ, ಫ್ರಿಜ್, ಮಂಚ, ಬಚ್ಚಲು ಎಲ್ಲವೂ ಇಪ್ಪತ್ತೈದು ಅಡಿಯೊಳಗೆ! ಗಾಡಿ ಕೊಟ್ಟಾತ ಒಳಗಿನ ಎರಡು ಅಲಾರಂಗಳನ್ನು ತೋರಿಸಿದ. ಅಡುಗೆ ಅನಿಲದ್ದು ನೆಲದ ಹತ್ತಿರ, ಏಕೆಂದರೆ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸೋರಿದರೆ ಕೆಳಗೇ ಮಡುಗಟ್ಟುತ್ತದೆ. ಇನ್ನೊಂದು ಮಲಗುವ ಕಡೆ ಮೇಲೆ. ಅದು ಕಾರ್ಬನ್ ಮಾನಾಕ್ಸೈಡಿನದು. ಜನರೇಟರಿನ ಹೊಗೆ ಒಳನುಗ್ಗಿದರೆ ಬಣ್ಣ, ವಾಸನೆ ಎರಡೂ ಇಲ್ಲದ ಈ ಅನಿಲ ನಿದ್ದೆಯಲ್ಲೇ ಮುಗಿಸಿಬಿಡುತ್ತದೆ. ಮಲಗುವಾಗ ಜನರೇಟರ್ ಬೇಡ, ಗಾಡಿ ಓಡುವಾಗ ಅನಿಲದ ವಾಲ್ವ್ ಮುಚ್ಚಿರಲಿ ಎಂದ. ಹಿಂದಿನ ಕಿಟಕಿಯೊಂದು ಬೆಂಕಿ ಬಿದ್ದರೆ ಹಾರಿ ಹೊರಬೀಳುವ ದಾರಿ. ಅದರ ಚಿಲಕವನ್ನು ಎಲ್ಲರೂ ಒಮ್ಮೆ ತೆಗೆದು ನೋಡಲಿ ಎಂದು ನಾನು ಹಠ ಹಿಡಿದೆ. ಮೇಷ್ಟ್ರ ಬುದ್ಧಿ ಎಂದು ಮಗಳು ನಕ್ಕಳು.

ಈ ಗಾಡಿಯ ತೊಂದರೆಯೆಂದರೆ ಅದು ಮನೆಯೆಂಬ ಭ್ರಮೆ. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಓಡುತ್ತಿದ್ದಾಗ ನನ್ನಾಕೆ ಕಾಫಿ ಮಾಡಲು ಎದ್ದೇಬಿಟ್ಟಳು! ಮೊಮ್ಮಗನಿಗೆ ಮಂಚದ ಮೇಲೆ ಉರುಳಾಡುವ ಆಸೆ. ಇಬ್ಬರನ್ನೂ ಗದರಿಸಿ ಬೆಲ್ಟ್ ಹಾಕಿಸಿ ಕೂರಿಸಿದ್ದಾಯಿತು.

ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗವನ್ನು ಹೊಕ್ಕು ಹೊರಬೀಳುವುದು 11,158 ಅಡಿ ಎತ್ತರದಲ್ಲಿ. 1973ರಲ್ಲಿ ತೆರೆದ ಸುರಂಗವದು. ಅಲ್ಲಿಂದ ಸಿಲ್ವರ್‌ಥಾರ್ನ್ ಊರಿನವರೆಗೆ ಸುಮಾರು ಹದಿಮೂರು ಕಿಲೋಮೀಟರ್ ಬರೀ ಇಳಿಜಾರು. ಆಗುಂಬೆಯಂತೆ ತಿರುವುಗಳಿಲ್ಲದ್ದರಿಂದ ಇಳಿಯುತ್ತಿದ್ದೇವೆಂಬುದೇ ತಿಳಿಯುವುದಿಲ್ಲ. ಅಳಿಯಂದಿರು ಟಾಪ್ ಗೇರಿನಲ್ಲೇ ಬಿಟ್ಟು ಬ್ರೇಕಿನ ಮೇಲೆ ಕಾಲಿಟ್ಟೇ ಇದ್ದರು.

ವಾಸನೆ ಬಂತು. ನಾನು ಬಾಯಿ ಬಿಡಲಿಲ್ಲ. ಮಾವನಾದವನು ಅಳಿಯನಿಗೆ ಗಾಡಿ ಓಡಿಸುವುದನ್ನು ಕಲಿಸುವುದುಂಟೆ? ಅದೂ ಸ್ಕೂಟರ್ ಬಿಟ್ಟು ಬೇರೇನೂ ಓಡಿಸದ ಮಾವ! ಹೀಗೆ ಒಂದೆರಡು ಕಿಲೋಮೀಟರ್ ಕಳೆಯಿತು. ಅಷ್ಟರಲ್ಲಿ ನನ್ನಾಕೆ, “ಒಲೆ ಆರಿಸಿದ್ದೀವಿ ತಾನೆ? ಏನೋ ಸೀದ ವಾಸನೆ” ಎಂದಳು. ಇನ್ನು ತಡೆಯಲಾಗಲಿಲ್ಲ. “ಒಲೆಯಲ್ಲ, ಬ್ರೇಕು. ಗೇರ್ ಇಳಿಸಿ” ಎಂದೆ.

“ಮಾವ, ಪೆಡಲ್ ಮೆತ್ತಗಾಗ್ತಿದೆ” ಎಂದರು ಅಳಿಯ. ಅವರ ದನಿ ಬದಲಾಗಿತ್ತು.

ಲೆಕ್ಕ ಸರಳ. ಆರು ಟನ್ ಗಾಡಿ ಏಳುನೂರು ಮೀಟರ್ ಇಳಿಯುವಾಗ ಬಿಡುವ ಶಕ್ತಿಯಿಂದ ಸುಮಾರು 120 ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದು ದೊಡ್ಡ ಹಂಡೆ ನೀರು ಎನ್ನಿ. ಗಾಳಿಯ ತಡೆಗೆ ಹೋದದ್ದು ಬಿಟ್ಟು ಉಳಿದ ಶಾಖವನ್ನೆಲ್ಲ ಎಂಜಿನ್ ತಡೆಯದಿದ್ದರೆ ಬ್ರೇಕುಗಳೇ ನುಂಗಬೇಕು. ಬ್ರೇಕಿನ ದ್ರವ ಕುದ್ದರೆ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಹಾಗಾಗಿ ಪೆಡಲ್ ಕುಸಿಯುತ್ತದೆ, ಚಕ್ರ ನಿಲ್ಲುವುದಿಲ್ಲ.

ಗೇರ್ ಸನ್ನೆಯ ತುದಿಯಲ್ಲಿ ಟೋ-ಹಾಲ್ ಎಂಬ ಗುಂಡಿಯಿತ್ತು. ಅಳಿಯಂದಿರು ಅದನ್ನು ಒತ್ತಿ ಗೇರ್ ಇಳಿಸಿದರು. ಎಂಜಿನ್ ಆನೆಯಂತೆ ಘೀಳಿಟ್ಟಿತು. ಮಗು ಅತ್ತಿತು. ವೇಗ ಮಾತ್ರ ತಗ್ಗಿತು. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದೇ ಸಡಿಲ ಜಲ್ಲಿ ಸುರಿದ ಏರುದಾರಿಗಳು ಈ ಇಳಿಜಾರಿನಲ್ಲಿ ಎರಡಿವೆ. ಗೇರಿಗೂ ಗಾಡಿ ಬಗ್ಗದಿದ್ದರೆ ನಾವೂ ಅಲ್ಲಿಗೇ ನುಗ್ಗಬೇಕಿತ್ತು. ಅದರ ಅಗತ್ಯ ಬೀಳಲಿಲ್ಲ. ಅಗಲವಾದ ಅಂಚು ಸಿಕ್ಕಿತು, ನಿಂತೆವು.

ಮಿಣುಕುವ ದೀಪ ಹಾಕಿ, ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟು, ಹಿಂದೆ ದೂರದೂರಕ್ಕೆ ಮೂರು ಹೊಳೆಯುವ ತ್ರಿಕೋನಗಳನ್ನು ಇಟ್ಟೆವು. ನನ್ನಾಕೆ ಒಳಗೇ ಕೂರುತ್ತೇನೆಂದಳು. “ಹೊರಗೆ ಚಳಿ, ಇಲ್ಲಿ ಮಂಚವಿದೆಯಲ್ಲ!” ಮತ್ತದೇ ಭ್ರಮೆ. ನಿಂತ ಗಾಡಿಗೆ ಹಿಂದಿನಿಂದ ಲಾರಿ ಗುದ್ದಿದರೆ ಒಳಗಿದ್ದವರ ಗತಿಯೇನು? ಎಲ್ಲರನ್ನೂ ತಡೆಬೇಲಿಯಾಚೆ ಕಂಬಳಿ ಹೊದಿಸಿ ನಿಲ್ಲಿಸಿದೆವು. ಮಗಳು ಬಾಡಿಗೆಯವರ ತುರ್ತುಸಂಖ್ಯೆಗೆ ಫೋನ್ ಮಾಡಿದಳು. ಅವರು ಮೊದಲು ಕೇಳಿದ್ದು ಮೈಲಿಯ ಸಂಖ್ಯೆ. ರಸ್ತೆಯಂಚಿನ ಚಿಕ್ಕ ಹಸಿರು ಹಲಗೆಯಲ್ಲಿ ಅದಿತ್ತು. ಚಕ್ರಕ್ಕೆ ನೀರು ಎರಚಲು ನಾನೇ ಹೊರಟಿದ್ದೆ! ಕಾದ ಲೋಹ ಸೀಳೀತು, ತಾನೇ ಆರಲಿ ಎಂದರು. ಹತ್ತನೇ ತರಗತಿಗೆ ಪಾಠ ಹೇಳುವವನಿಗೆ ಸಮಯಕ್ಕೆ ಪಾಠ ನೆನಪಾಗಲಿಲ್ಲ.

ಗಂಟೆ ಕಳೆದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಕೆಳಗೇರಿನಲ್ಲಿ ತೆವಳುತ್ತ ಸಿಲ್ವರ್‌ಥಾರ್ನ್ ಮುಟ್ಟಿದೆವು. ಮೆಕ್ಯಾನಿಕ್ ಬ್ರೇಕಿನ ದ್ರವ ಬದಲಿಸಿದ.

ವಾಪಸು ಬರುವಾಗ ಡೆನ್ವರಿನ ಹತ್ತಿರದ ಕೊನೆಯ ಇಳಿಜಾರಿನಲ್ಲಿ ಲಾರಿಯವರಿಗೆಂದು ದೊಡ್ಡ ಹಲಗೆಗಳಿವೆ. ಮೋಸಹೋಗಬೇಡಿ, ಇನ್ನೂ ನಾಲ್ಕು ಮೈಲಿ ಇಳಿಜಾರಿದೆ ಎನ್ನುತ್ತದೆ ಒಂದು. ಅದು ಕಣ್ಣಿಗೆ ಬೀಳುವ ಮೊದಲೇ ಅಳಿಯಂದಿರು ಗುಂಡಿ ಒತ್ತಿಯಾಗಿತ್ತು. “ಆಗುಂಬೆಯಲ್ಲಿ ಹೀಗೇ ತಾನೆ ಮಾವ?” ಎಂದರು. ಹತ್ತಿದ ಗೇರಿನಲ್ಲೇ ಇಳಿಯುತ್ತಾರೆ ಎಂದೆ.