ಎರಡು ಮನೆಯ ಮಗ

ದತ್ತು ಹೋದ ಮಗನ ವಿಷಯದಲ್ಲಿ ಧರ್ಮಶಾಸ್ತ್ರಕಾರರು ಎರಡು ಬಗೆಯನ್ನು ಹೇಳಿದ್ದಾರೆ. ಹುಟ್ಟಿದ ಮನೆಯ ಗೋತ್ರವನ್ನೂ ಆಸ್ತಿಯ ಪಾಲನ್ನೂ ಪಿಂಡಪ್ರದಾನದ ಅಧಿಕಾರವನ್ನೂ ಬಿಟ್ಟು ಸಂಪೂರ್ಣವಾಗಿ ಹೊಸ ಮನೆಗೆ ಸೇರಿದವನು ಕೇವಲ ದತ್ತಕನು. ‘ಈತನು ನಮ್ಮಿಬ್ಬರಿಗೂ ಮಗನಾಗಿರಲಿ’ ಎಂದು ಕೊಡುವವರೂ ಕೊಳ್ಳುವವರೂ ಒಡಂಬಟ್ಟು ಎರಡು ಮನೆಗೂ ಉಳಿಸಿಕೊಂಡವನು ದ್ವ್ಯಾಮುಷ್ಯಾಯಣನು. ಈತನಿಗೆ ಎರಡು ಕಡೆಯ ಪಿತೃಗಳೂ ಉಂಟು, ಎರಡು ಕಡೆಯ ಪಾಲೂ ಉಂಟು. ಕುಟುಂಬದ ಮಟ್ಟಿಗೆ ಹಿರಿಯರು ತೋರಿದ ಈ ಔದಾರ್ಯವನ್ನು ರಾಷ್ಟ್ರಗಳು ತೋರುವುದು ಎಷ್ಟು ಕಷ್ಟವೆಂಬುದಕ್ಕೆ ಈಚೆಗೆ ಬೆಂಗಳೂರಿನ ಒಬ್ಬ ಕಾಲ್ಚೆಂಡಾಟಗಾರನ ಬಾಳು ನಿದರ್ಶನವಾಗಿದೆ.

ಆತನ ಹೆಸರು ರಯಾನ್ ವಿಲಿಯಮ್ಸ್. ಆಸ್ಟ್ರೇಲಿಯದ ಪಶ್ಚಿಮ ತೀರದ ಪರ್ತ್ ನಗರದಲ್ಲಿ 1993ರ ಅಕ್ಟೋಬರ್ 28ರಂದು ಜನನ. ತಾಯಿ ಬೊಂಬಾಯಿಯ ಆಂಗ್ಲೋ-ಇಂಡಿಯನ್ ಮನೆತನದವರು. ತಾಯಿಯ ತಂದೆ ಲಿಂಕನ್ ಗ್ರೋಸ್ಟೇಟ್ 1950ರ ದಶಕದಲ್ಲಿ ಸಂತೋಷ್ ಟ್ರೋಫಿ ಪಂದ್ಯಗಳಲ್ಲಿ ಬೊಂಬಾಯಿಯ ಪರವಾಗಿ ಆಡಿದ್ದವರು. ಮೊಮ್ಮಕ್ಕಳಿಗೂ ಆ ವಿದ್ಯೆ ತಪ್ಪಲಿಲ್ಲ. ಹಿರಿಯ ಮೊಮ್ಮಗನಾದ ರಿಸ್ ಆಸ್ಟ್ರೇಲಿಯ ರಾಷ್ಟ್ರದ ತಂಡದಲ್ಲಿ ಆಡಿದನು. ರಯಾನನ ಅವಳಿ ಸೋದರನಾದ ಆರಿನ್ ಇಂಫಾಲಿನ ನೆರೋಕಾ ತಂಡಕ್ಕೆ ಬಂದು ಕೆಲಕಾಲ ಆಡಿಹೋದನು.

ಅಜ್ಜನ ಕಾಲದ ಆಟಕ್ಕೂ ಮೊಮ್ಮಗನ ಕಾಲದ ಆಟಕ್ಕೂ ಬಹಳ ಅಂತರವುಂಟು. ಆಗ ಚೆಂಡನ್ನೊದ್ದು ಸಂಸಾರ ನಡೆಸಿದವರು ಈ ದೇಶದಲ್ಲಿ ಇಲ್ಲವೆಂದರೂ ಸಲ್ಲುವುದು. ರೈಲ್ವೆಯೋ ಗಿರಣಿಯೋ ಕಾರ್ಖಾನೆಯೋ ಒಂದು ನೌಕರಿಯನ್ನು ಕೊಡುತ್ತಿತ್ತು. ಆಟಗಾರನು ಹಗಲು ಅಲ್ಲಿ ದುಡಿದು ಸಂಜೆ ಬೈಲಿಗೆ ಬರುತ್ತಿದ್ದನು. ಪಂದ್ಯವಿದ್ದಾಗ ರಜೆ ದೊರೆಯುತ್ತಿತ್ತು. ಅರೆ ನೌಕರ, ಅರೆ ಆಟಗಾರ ಎಂಬ ಈ ಬಾಳುವೆಯಲ್ಲಿ ಐಶ್ವರ್ಯವಿರಲಿಲ್ಲ. ಆದರೆ ಮೊಣಕಾಲು ಮುರಿದರೂ ಅನ್ನ ತಪ್ಪದೆಂಬ ಧೈರ್ಯವಿತ್ತು. ಆಟ ಬೇರೆಯಾದರೂ ಕೋಲಾರದಲ್ಲಿ ಜನಿಸಿದ ಓಟಗಾರ ಕೆನೆತ್ ಪವೆಲ್ ನಡೆದದ್ದೂ ಇದೇ ದಾರಿ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದುಕೊಂಡೇ 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಓಡಿ, 1965ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದು, 2022ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಗ್ರೋಸ್ಟೇಟರ ಮಗಳು ಬೊಂಬಾಯಿಯಿಂದ ಪರ್ತಿಗೆ ಹೋದ ಕಥೆ ಕೋಲಾರ ಜಿಲ್ಲೆಗೆ ಹೊಸದೆನಿಸಲಾರದು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಚಿನ್ನದ ಗಣಿಗೆ ಬಂದ ಮೇಲೆ ಇಂಗ್ಲಿಷರೂ ಆಂಗ್ಲೋ-ಇಂಡಿಯನ್ನರೂ ಅಲ್ಲಿ ನೆಲೆಸಿದರು. ಹೆಂಚಿನ ಬಂಗಲೆಗಳೂ ಇಗರ್ಜಿಗಳೂ ಕ್ಲಬ್ಬುಗಳೂ ಎದ್ದವು. ಬೈಲುಗಳಲ್ಲಿ ಹಾಕಿಯೂ ಕಾಲ್ಚೆಂಡೂ ನಡೆದವು. ಸ್ವಾತಂತ್ರ್ಯ ಬಂದ ಮೇಲೆ ಆ ಮನೆಗಳಲ್ಲಿ ಒಂದೊಂದಾಗಿ ಪೆಟ್ಟಿಗೆ ಕಟ್ಟುವ ಕೆಲಸ ಮೊದಲಾಯಿತು. ಗಣಿ 1956ರಲ್ಲಿ ಸರ್ಕಾರದ ಕೈಸೇರಿ, 2001ರ ಫೆಬ್ರವರಿ 28ರಂದು ಮುಚ್ಚಿಹೋಯಿತು. ಆಸ್ಟ್ರೇಲಿಯವು ಬಿಳಿಯರಿಗಷ್ಟೇ ಬಾಗಿಲು ತೆರೆಯುವ ತನ್ನ ಹಳೆಯ ನೀತಿಯನ್ನು 1960ರ ದಶಕದಲ್ಲಿ ಸಡಿಲಿಸಿ 1973ರಲ್ಲಿ ಕೈಬಿಟ್ಟದ್ದರಿಂದ, ಅಲ್ಲಿಗೆ ಹೋದವರ ಸಂಖ್ಯೆ ಹೆಚ್ಚಿತು. ಹೀಗೆ ಹೋದವರನ್ನು ‘ಅವರಿಗೆ ಈ ನೆಲದ ಮೇಲೆ ಮಮತೆಯಿರಲಿಲ್ಲ’ ಎಂದು ಹಳಿಯುವುದು ಸುಲಭ. ಇಲ್ಲಿ ಇಂಗ್ಲಿಷರೆನಿಸಿಕೊಂಡು, ಇಂಗ್ಲಿಷರ ನಡುವೆ ಇಂಡಿಯದವರೆನಿಸಿಕೊಂಡವರ ಸಂಕಟ ಹಳಿಯುವವರಿಗೆ ತಿಳಿಯದು. ಕರ್ಣನು ಪಟ್ಟ ಪಾಡು ಇದಕ್ಕಿಂತ ಬಹಳ ಬೇರೆಯೇನಲ್ಲ.

ರಯಾನನು ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋದನು. ಪೋರ್ಟ್ಸ್‌ಮತ್, ಫುಲ್ಹಾಮ್, ಬಾರ್ನ್‌ಸ್ಲಿ, ರಾದರ್‌ಹ್ಯಾಮ್, ಮರಳಿ ಪೋರ್ಟ್ಸ್‌ಮತ್, ಆಮೇಲೆ ಆಕ್ಸ್‌ಫರ್ಡ್ ಎಂದು ಹತ್ತು ವರ್ಷಕ್ಕೂ ಮಿಕ್ಕು ಊರೂರು ಸುತ್ತಿದ್ದಾಯಿತು. ದೊಡ್ಡ ಕೀರ್ತಿಯನ್ನು ಪಡೆದವರ ಹಾದಿಯಲ್ಲ ಅದು. ವರ್ಷ ವರ್ಷವೂ ತನ್ನ ಯೋಗ್ಯತೆಯನ್ನು ಹೊಸದಾಗಿ ತೋರಿಸಿ ಕೂಲಿ ಪಡೆಯುವವರ ಹಾದಿ. 2019ರ ಜೂನ್ ತಿಂಗಳಲ್ಲಿ ದಕ್ಷಿಣ ಕೊರಿಯದೆದುರು ಸ್ನೇಹಪಂದ್ಯವೊಂದರಲ್ಲಿ ಬದಲಿ ಆಟಗಾರನಾಗಿ ಇಳಿದು ಆಸ್ಟ್ರೇಲಿಯದ ಅಂಗಿಯನ್ನು ತೊಟ್ಟನು. ಹಿರಿಯರ ತಂಡಕ್ಕೆ ಮತ್ತೆ ಕರೆ ಬರಲಿಲ್ಲ. ಆಮೇಲೆ ಹುಟ್ಟೂರಿನ ತಂಡವಾದ ಪರ್ತ್ ಗ್ಲೋರಿಯಲ್ಲಿ ಆಡಿ, 2023ರಲ್ಲಿ ಬೆಂಗಳೂರು ಎಫ್.ಸಿ. ತಂಡಕ್ಕೆ ಬಂದು ಸೇರಿದನು. ಕಂಠೀರವ ಕ್ರೀಡಾಂಗಣದ ಪ್ರೇಕ್ಷಕರು ಆತನ ಓಟವನ್ನು ಬೇಗನೆ ಮೆಚ್ಚಿಕೊಂಡರು. 2025ರ ಏಪ್ರಿಲಿನಲ್ಲಿ ಆ ತಂಡವು ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯಕ್ಕೆ ಏರಿ, ಮೋಹನ್ ಬಾಗಾನಿಗೆ ಸೋತಿತು.

ಇಂಥವನು ಭಾರತದ ಪರವಾಗಿ ಆಡಬೇಕಾದರೆ ಏನು ಮಾಡಬೇಕು? 1955ರ ಪೌರತ್ವ ಕಾಯಿದೆ ದ್ವ್ಯಾಮುಷ್ಯಾಯಣನನ್ನು ಒಪ್ಪುವುದಿಲ್ಲ. 2005ರಿಂದ ಸಾಗರೋತ್ತರ ಪೌರನೆಂಬ ಚೀಟಿಯೊಂದನ್ನು ಕೊಡುವ ಏರ್ಪಾಡಿದೆ, ಅದನ್ನು ಹಿಡಿದವನು ಇಲ್ಲಿ ವಾಸಿಸಬಹುದು, ದುಡಿಯಬಹುದು, ಮತ ಹಾಕುವಂತಿಲ್ಲ. ಭಾರತದ ಪೂರ್ಣ ಪೌರನಲ್ಲದವನು ರಾಷ್ಟ್ರದ ತಂಡದಲ್ಲಿ ಆಡುವಂತಿಲ್ಲವೆಂದು 2008ರಲ್ಲಿ ಕ್ರೀಡಾ ಸಚಿವಾಲಯವು ನಿರ್ಣಯಿಸಿತು. ಆದ್ದರಿಂದ ಕೇವಲ ದತ್ತಕನಾಗದೆ ಬೇರೆ ಗತಿಯಿಲ್ಲ. ಗುಜರಾತಿ ತಂದೆಗೂ ಜಪಾನಿ ತಾಯಿಗೂ ಹುಟ್ಟಿದ ಇಜುಮಿ ಅರಾಟ ಎಂಬ ಆಟಗಾರನು ಹೀಗೆಯೇ ಜಪಾನಿನ ಪೌರತ್ವವನ್ನು ತೊರೆದು 2013ರಲ್ಲಿ ಭಾರತದ ತಂಡದಲ್ಲಿ ಆಡಿದ್ದನು. ರಯಾನನೂ ಆಸ್ಟ್ರೇಲಿಯದ ಪೌರತ್ವವನ್ನು ಬಿಟ್ಟುಕೊಟ್ಟನು. 2025ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ, ಸುನಿಲ್ ಚೆಟ್ರಿಯ ಕೈಯಿಂದ ಭಾರತದ ಪಾಸ್‌ಪೋರ್ಟನ್ನು ಸ್ವೀಕರಿಸಿದನು. ಅದೇ ತಿಂಗಳು ತಂಡದೊಂದಿಗೆ ಢಾಕಾಕ್ಕೆ ಹೋದರೂ, ಆಸ್ಟ್ರೇಲಿಯದಿಂದ ಬರಬೇಕಾದ ಒಪ್ಪಿಗೆಯ ಪತ್ರ ಬಾರದಿದ್ದುದರಿಂದ, 18ರಂದು ನಡೆದ ಬಾಂಗ್ಲಾದೇಶದ ಪಂದ್ಯದಲ್ಲಿ ಆಡಲಾಗಲಿಲ್ಲ. ಒಂದು ಮನೆಯನ್ನು ಬಿಟ್ಟಾಗಿತ್ತು. ಇನ್ನೊಂದು ಮನೆಯ ಪಂಕ್ತಿಯಲ್ಲಿ ಎಲೆ ಬೀಳಲು ಕಾಗದ ಬರಬೇಕಾಗಿತ್ತು!

ಇದರಲ್ಲಿ ಸ್ವಾರ್ಥವಿಲ್ಲವೆ ಎಂದು ಕೇಳುವವರುಂಟು. ಆಸ್ಟ್ರೇಲಿಯ ಮತ್ತೆ ಕರೆಯಲಿಲ್ಲ. ಇಲ್ಲಿಯ ಪೌರನಾದರೆ ಪರದೇಶದ ಆಟಗಾರರಿಗೆ ಲೀಗು ವಿಧಿಸಿರುವ ಮಿತಿ ಈತನಿಗಿಲ್ಲ. ಲಾಭವಿರುವಲ್ಲಿ ತ್ಯಾಗದ ಮಾತೇಕೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆಟಗಾರನ ಆಯುಷ್ಯ ಎಷ್ಟು? ಮೂವತ್ತೆರಡೆಂದರೆ ಆ ವೃತ್ತಿಯಲ್ಲಿ ಆಗಲೇ ಸಂಜೆ. ಉಳಿದ ಮೂರು ನಾಲ್ಕು ವರ್ಷದ ಆಟಕ್ಕಾಗಿ ಇಡೀ ಬಾಳಿನ ಪೌರತ್ವವನ್ನು ಕೊಡುವವನು ಲೆಕ್ಕದಲ್ಲಿ ಜಾಣನೆನಿಸಲಾರನು. ತಂದೆ ತಾಯಿಗಳು ಹಾರಿಹೋದ ಗೂಡಿಗೆ ಮಕ್ಕಳು ಮರಳುವುದು ವಿರಳ. ಅದೂ ಎಂಥ ಹೊತ್ತಿನಲ್ಲಿ? ಒಕ್ಕೂಟಕ್ಕೂ ಲೀಗನ್ನು ನಡೆಸುತ್ತಿದ್ದ ಸಂಸ್ಥೆಗೂ ಇದ್ದ ಕರಾರು ನವೀಕರಣವಾಗದೆ, 2025ರ ಜುಲೈಯಲ್ಲಿ ಲೀಗನ್ನೇ ತಡೆಹಿಡಿಯಲಾಗಿತ್ತು. ಪಾಸ್‌ಪೋರ್ಟು ಕೈಸೇರಿದ ನವೆಂಬರಿನಲ್ಲಿ ಪಂದ್ಯಗಳು ಆರಂಭವಾಗಿರಲೇ ಇಲ್ಲ.

ಧರ್ಮಶಾಸ್ತ್ರದ ಇನ್ನೊಂದು ಮಾತನ್ನು ಇಲ್ಲಿ ಸ್ಮರಿಸಬೇಕು. ವಿಧಿಪೂರ್ವಕವಾಗಿ ನಡೆದ ದತ್ತಕವನ್ನು ರದ್ದುಮಾಡುವಂತಿಲ್ಲ. ತೆಗೆದುಕೊಂಡ ಮನೆಯವರು ಮುಂದೆ ಬಡತನ ಬಂತೆಂದೋ ಮನಸ್ಸು ತಿರುಗಿತೆಂದೋ ಮಗನನ್ನು ಹಿಂದಕ್ಕೆ ಕಳುಹಿಸಲಾಗದು. ಪೋಷಣೆಯ ಭಾರ ಅವರದೇ. ಹೋದವನ ತ್ಯಾಗದ ಬಗ್ಗೆ ಜನ ಬಹಳ ಮಾತನಾಡುತ್ತಾರೆ. ತೆಗೆದುಕೊಂಡವರ ಋಣದ ಬಗ್ಗೆ ಮಾತು ಕಡಮೆ. ಇನ್ನೊಂದು ಮನೆಯನ್ನು ಬಿಟ್ಟು ಬಾ ಎಂದು ಕೇಳಿದ ದೇಶವು ಬಂದವನಿಗೆ ಆಡಲು ಬೈಲನ್ನಾದರೂ, ತಪ್ಪದೆ ನಡೆಯುವ ಪಂದ್ಯಗಳನ್ನಾದರೂ ಕೊಡಬೇಡವೆ?

ಕೋಲಾರ ಸೀಮೆಯ ಜನಕ್ಕೆ ಎರಡು ಮನೆಯ ಬಾಳು ಅಪರಿಚಿತವಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಮನೆಯಲ್ಲಿ ತೆಲುಗನ್ನಾಡುವ ಮಕ್ಕಳು ಶಾಲೆಯಲ್ಲಿ ಕನ್ನಡವನ್ನು ಕಲಿಯುತ್ತಾರೆ. ಮಾಲೂರಿನ ಗಡಿಯಲ್ಲಿ ತಮಿಳೂ ಕಿವಿಗೆ ಬೀಳುತ್ತದೆ. ಒಂದನ್ನು ಬಿಟ್ಟರಷ್ಟೇ ಇನ್ನೊಂದು ನಿನ್ನದೆಂದು ಅಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಮುಳಬಾಗಿಲೆಂಬ ಹೆಸರೇ ಮೂಡಲ ಬಾಗಿಲೆಂಬ ಮಾತಿನಿಂದ ಬಂದದ್ದೆನ್ನುತ್ತಾರೆ. ಗಣಿಯ ಊರಿನಿಂದ ಹೊರಟುಹೋದವರ ಮೊಮ್ಮಕ್ಕಳು ಎಂದಾದರೊಂದು ದಿನ ಅಜ್ಜಂದಿರ ಬಂಗಲೆಯನ್ನು ಹುಡುಕಿಕೊಂಡು ಈ ಜಿಲ್ಲೆಗೆ ಬಂದರೆ, ಅವರು ಯಾವ ದೇಶದ ಪಾಸ್‌ಪೋರ್ಟನ್ನು ಹಿಡಿದು ಬಂದಿದ್ದಾರೆಂದು ವಿಚಾರಿಸುವುದಕ್ಕೆ ಮೊದಲು ಕುಡಿಯಲು ನೀರು ಕೊಟ್ಟು ಕುಳಿತುಕೊಳ್ಳಿರೆಂದರೆ, ಅದೇ ಇಲ್ಲಿಯ ಸಂಪ್ರದಾಯಕ್ಕೆ ತಕ್ಕದ್ದು.