ಅಕ್ಷರವೂ ಕೀಲಿಕೈಯೂ

ಮನೆಯನ್ನು ಕೊಳ್ಳುವವನಿಗೆ ಅದರಲ್ಲಿ ನಾಲ್ಕು ದಿನ ಇದ್ದು ನೋಡುವ ಅವಕಾಶವನ್ನು ಯಾರೂ ಕೊಡುವುದಿಲ್ಲ. ಎತ್ತನ್ನು ಕೊಳ್ಳುವ ಒಕ್ಕಲಿಗನು ಸಂತೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಯಿಸಿ ತೃಪ್ತನಾಗಬೇಕು. ಅದರ ನಿಜವಾದ ಗುಣವು ನೊಗಕ್ಕೆ ಹೂಡಿದ ಮೇಲೆಯೇ ತಿಳಿಯತಕ್ಕದ್ದು. ಕಂಪ್ಯೂಟರಿನ ಪ್ರಪಂಚದಲ್ಲಾದರೋ ಇದಕ್ಕಿಂತ ಹೆಚ್ಚಿನ ಸೌಕರ್ಯವೊಂದುಂಟು. ಹಳೆಯದನ್ನು ಕಿಂಚಿತ್ತೂ ಕದಲಿಸದೆ ಹೊಸ ಲಿನಕ್ಸನ್ನು ಒಂದು ಪೆನ್‌ಡ್ರೈವಿನಿಂದಲೇ ನಡೆಯಿಸಿ ನೋಡಬಹುದು. ಒಪ್ಪಿತವಾದರೆ ಒಳಗೆ ಬರಮಾಡಿಕೊಳ್ಳುವುದು; ಇಲ್ಲವಾದರೆ ಯಂತ್ರವನ್ನು ನಿಲ್ಲಿಸಿ ಪೆನ್‌ಡ್ರೈವನ್ನು ಕಿತ್ತಿಟ್ಟರಾಯಿತು, ಕನಸು ಕಂಡು ಎಚ್ಚತ್ತಂತೆ ಎಲ್ಲವೂ ಮೊದಲಿನಂತಿರುವುದು.

ಲಿನಕ್ಸೆಂದರೇನೆಂದು ಕೇಳುವ ವಾಚಕರಿಗೆ ಎರಡು ಮಾತು ಸಾಕು. ಯಂತ್ರದ ಅಂಗಾಂಗಗಳನ್ನೆಲ್ಲ ಹದ್ದಿನಲ್ಲಿಟ್ಟು ದುಡಿಸುವ ಪಾರುಪತ್ಯಗಾರನೊಬ್ಬನು ಪ್ರತಿ ಕಂಪ್ಯೂಟರಿನಲ್ಲಿಯೂ ಇರಬೇಕು. ವಿಂಡೋಸ್ ಅಂತಹವನೊಬ್ಬನು, ಲಿನಕ್ಸ್ ಇನ್ನೊಬ್ಬನು. 1983ರಲ್ಲಿ ಅಮೇರಿಕದ ರಿಚರ್ಡ್ ಸ್ಟಾಲ್ಮನ್ನರು ಗ್ನೂ ಎಂಬ ಹೆಸರಿನಿಂದ ಈ ಕಾರ್ಯಕ್ಕೆ ಅಡಿಗಲ್ಲಿಟ್ಟರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ತರುಣನು ಅದಕ್ಕೆ ಬೇಕಾದ ತಿರುಳನ್ನು ರಚಿಸಿ ಲೋಕದ ಮುಂದಿಟ್ಟನು. ಇದರ ನಿಯಮವು ಪಾಠಶಾಲೆಯ ವಿದ್ಯೆಯ ನಿಯಮವನ್ನೇ ಹೋಲುತ್ತದೆ: ಪಡೆದವನು ಇನ್ನೊಬ್ಬನಿಗೆ ಕೊಡಬಹುದು, ತಿದ್ದಿಯೂ ಕೊಡಬಹುದು, ಆದರೆ ಕೊಡುವಾಗ ಆ ಸ್ವಾತಂತ್ರ್ಯವನ್ನೂ ಜೊತೆಗೆ ಕೊಡತಕ್ಕದ್ದು. ಇದು ಕೇವಲ ಪಂಡಿತರ ಸೊತ್ತೆಂದು ಹೆದರಬೇಕಾದುದಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕೇರಳದ ಇತರ ಮಕ್ಕಳಂತೆ ಲಿನಕ್ಸಿನ ಮೇಲೆಯೇ ಕಂಪ್ಯೂಟರ್ ಪಾಠವನ್ನು ಕಲಿಯುತ್ತಿದ್ದಾರೆ.

ಈ ಪರೀಕ್ಷೆಯ ಪ್ರಸಂಗವು ಆನೆಗುಂದಿಯ ಬಳಿಯ ಹನುಮನಹಳ್ಳಿಯ ಒಂದು ಮನೆಗೂ ಬಂದಿತು. ಅಂಜನಾದ್ರಿಯ ಅಡಿಯಲ್ಲಿ, ಭತ್ತದ ಗದ್ದೆಗಳ ನಡುವಿನ ಆ ಮನೆಯಲ್ಲಿ ಹತ್ತು ವರುಷದ ಕಂಪ್ಯೂಟರೊಂದಿದ್ದಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಪೋಷಣೆ ಮುಗಿಯಿತು. ವಿಂಡೋಸ್ 11 ಕೇಳುವ ರಕ್ಷಣೆಯ ಉಪಾಂಗಗಳು ಆ ಯಂತ್ರದಲ್ಲಿರಲಿಲ್ಲ. ಗಂಗಾವತಿಯಲ್ಲಿ ಓದುವ ಮೊಮ್ಮಗಳು ಲಿನಕ್ಸ್ ಮಿಂಟ್ ಎಂಬ ಪ್ರಭೇದದ 22.2ನೆಯ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲಿ ತಂದಳು. ಇದು 2025ರ ಸೆಪ್ಟೆಂಬರಿನಲ್ಲಿ ಹೊರಬಂದುದು. 2029ರವರೆಗೆ ಇದಕ್ಕೆ ಪೋಷಣೆಯುಂಟು. ಇದರ ಹೆಸರು ಝಾರಾ. 2006ರಲ್ಲಿ ಹುಟ್ಟಿದ ಮೊದಲನೆಯ ಆವೃತ್ತಿಯಾದ ಏಡಾ ಮೊದಲ್ಗೊಂಡು ಮಿಂಟಿನವರು ಇಡುವುದು ಆಕಾರಾಂತವಾದ ಸ್ತ್ರೀನಾಮಗಳನ್ನೇ. ರಮಾಶಬ್ದವನ್ನು ಬಾಯಿಪಾಠ ಮಾಡಿದವರಿಗೆ ಇಲ್ಲಿ ಪರಕೀಯತೆ ತೋರದು.

“ಅಜ್ಜಾ, ಹಳೇದಕ್ಕ ಏನೂ ಆಗೂದಿಲ್ಲ, ಸುಮ್ನ ನೋಡೂಣು” ಎಂದು ಹೇಳಿ ಅವಳು ಯಂತ್ರವನ್ನು ಹೂಡಿದಳು. ಹಾಗೆಂದರೂ ಜಾಣೆಯಾದುದರಿಂದ, ಅಜ್ಜನ ಕಡತಗಳ ಪ್ರತಿಯೊಂದನ್ನು ಮೊದಲೇ ಬೇರೆ ಕಡೆ ತೆಗೆದಿಟ್ಟಿದ್ದಳು. ಪರದೆ ಬೆಳಗಿತು, ವೈಫೈ ಹತ್ತಿತು, ಮುದ್ರಣಯಂತ್ರವು ಒಂದು ಹಾಳೆಯನ್ನು ಹೊರಹಾಕಿತು. ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡವಿದ್ದಿತು, ಅದರ ಬದಿಗೆ ಕಗಪ ಎಂಬ ವಿನ್ಯಾಸವೂ ಇದ್ದಿತು. ಕೆ. ಪಿ. ರಾವ್ ಅವರು ರೂಪಿಸಿದ ಪದ್ಧತಿಯಲ್ಲಿ ಬೆರಳು ಪಳಗಿಸಿಕೊಂಡಿದ್ದ ಅಜ್ಜನು ಹೊಸತಾಗಿ ಏನನ್ನೂ ಕಲಿಯದೆ ತನ್ನ ಹೆಸರನ್ನು ಬರೆದು ನೋಡಿ ಸಂತೋಷಪಟ್ಟನು.

ಆ ಸಂತೋಷವು ಬಹಳ ಹೊತ್ತು ನಿಲ್ಲಲಿಲ್ಲ. ಊರಿನ ಮುದುಕಿಯರ ಬಾಯಿಂದ ಕೇಳಿದ ಬೀಸುಕಲ್ಲಿನ ಪದಗಳನ್ನು ಅವನು ಇಪ್ಪತ್ತು ವರುಷಗಳ ಹಿಂದೆ ನುಡಿ ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಟ್ಟಿದ್ದನು. ಹಾಡಿದವರಲ್ಲಿ ಈಗ ಒಬ್ಬರೂ ಉಳಿದಿಲ್ಲ. ಆ ಕಡತವನ್ನು ತೆರೆದಾಗ ಕನ್ನಡವೆಂಬುದೇ ಕಾಣಲಿಲ್ಲ: ರೋಮನ್ ಅಕ್ಷರಗಳು, ನೆತ್ತಿಯ ಮೇಲೆ ಗೆರೆ ಹೊತ್ತ ಸ್ವರಗಳು, ನಕಾರವಿರಬೇಕಾದಲ್ಲೆಲ್ಲ ಪೌಂಡಿನ ಚಿಹ್ನೆ. ಹೊಸ ವ್ಯವಸ್ಥೆಯು ಹಾಡುಗಳನ್ನು ಕೆಡಿಸಿತೆಂದೇ ಅಜ್ಜನು ಮುಖ ಕೆಂಪಗೆ ಮಾಡಿದನು.

ಕೆಡಿಸಿದುದು ಹೊಸದಲ್ಲ, ಅಲ್ಲಿದ್ದುದನ್ನು ಅದು ಇದ್ದಂತೆಯೇ ತೋರಿಸಿತು. ಆ ಕಾಲದ ನುಡಿಯ ಕಡತಗಳಲ್ಲಿ ಕನ್ನಡದ ಅಕ್ಷರಗಳಿರಲಿಲ್ಲ; ರೋಮನ್ ಲಿಪಿಯ ಸ್ಥಾನಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುವ ಒಂದು ಫಾಂಟು ಮಾತ್ರ ಇದ್ದಿತು. ಫಾಂಟಿದ್ದರೆ ಕನ್ನಡ, ಇಲ್ಲವಾದರೆ ಗೊಂದಲ. 1991ರಲ್ಲಿಯೇ ಮೊದಲು ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಹಾಗಲ್ಲ. ಅದು ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಟ್ಟಿದೆ. ಕಕಾರವು ಯಾವ ದೇಶದ ಯಾವ ಯಂತ್ರದಲ್ಲಿಯೂ 3221 ಆಗಿಯೇ ಇರುತ್ತದೆ.

ಕೊಪ್ಪಳದ ಗವಿಮಠದ ಬಂಡೆಯಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಅಕ್ಷರಗಳು ಎರಡು ಸಾವಿರ ವರುಷಗಳಿಗಿಂತ ಹೆಚ್ಚು ಕಾಲ ಮಳೆ ಬಿಸಿಲುಗಳನ್ನು ತಾಳಿಕೊಂಡವು. ಆದರೆ ಬ್ರಾಹ್ಮೀ ಲಿಪಿಯನ್ನು ಓದುವ ವಿದ್ಯೆ ನಷ್ಟವಾಗಿದ್ದಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದರ ಕೀಲಿಕೈಯನ್ನು ಕಂಡುಹಿಡಿದ ಬಳಿಕವೇ ಅಂತಹ ಶಾಸನಗಳಿಗೆ ಮತ್ತೆ ಬಾಯಿ ಬಂದಿತು. ಕಲ್ಲಿನ ಬರೆಹ ಮೂಕವಾಗಲು ಶತಮಾನಗಳು ಬೇಕಾದವು. ಫಾಂಟಿಗೆ ಜೋತುಬಿದ್ದ ಬರೆಹಕ್ಕೆ ಇಪ್ಪತ್ತು ವರುಷಗಳೇ ಸಾಕು.

ಹಳೆಯ ಫಾಂಟನ್ನು ಲಿನಕ್ಸಿಗೂ ತಂದು ಹಾಕಬಹುದಾಗಿದ್ದಿತು. ಅದು ಊರುಗೋಲಾಗುತ್ತಿತ್ತೇ ವಿನಾ ಕಾಲಾಗುತ್ತಿರಲಿಲ್ಲ. ಅದರ ಬದಲು ಮೊಮ್ಮಗಳು ಹಳೆಯ ಬರೆಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವೊಂದನ್ನು ಉಪಯೋಗಿಸಿದಳು. ಪುಟಗಳು ಕನ್ನಡವಾಗಿ ಎದ್ದು ನಿಂತವು. ತಪ್ಪುಗಳು ಉಳಿದುದು ಹೆಚ್ಚಾಗಿ ಅರ್ಕಾವೊತ್ತಿನಲ್ಲಿ. ಇದಕ್ಕೆ ಕಾರಣವು ಸ್ವಾರಸ್ಯವಾದುದು. ಧರ್ಮವೆಂಬ ಪದದಲ್ಲಿ ಕಣ್ಣಿಗೆ ಮೊದಲು ಕಾಣುವುದು ಮಕಾರ, ಅನಂತರ ಅರ್ಕಾವೊತ್ತು. ಕಿವಿಗೆ ಮೊದಲು ಕೇಳುವುದು ರೇಫ, ಅನಂತರ ಮಕಾರ. ಹಳೆಯ ಕಡತವು ಕಣ್ಣಿನ ಕ್ರಮವನ್ನು ಹಿಡಿದಿದ್ದಿತು. ಯೂನಿಕೋಡು ಕಿವಿಯ ಕ್ರಮವನ್ನು ಹಿಡಿಯುತ್ತದೆ. ಶಿಕ್ಷಾಶಾಸ್ತ್ರವನ್ನು ಓದಿದವರು ಯಾವುದನ್ನು ಮೆಚ್ಚುವರೆಂದು ಹೇಳಬೇಕಾದುದಿಲ್ಲ.

ತಿದ್ದುವ ಕೆಲಸವನ್ನು ಯಂತ್ರವು ಮಾಡಲಾರದು. ಮುದುಕಿಯರು ಹೇಗೆ ಉಚ್ಚರಿಸಿದರೆಂಬುದು ಅಜ್ಜನ ಕಿವಿಯಲ್ಲಿ ಮಾತ್ರ ಉಳಿದಿದೆ. ದಿನಕ್ಕೆ ನಾಲ್ಕು ಪುಟದಂತೆ ಅವನು ಓದಿ ಹೇಳುವುದು, ರಜೆಯಲ್ಲಿರುವ ಮೊಮ್ಮಗಳು ತಿದ್ದುವುದು ಎಂದಾಯಿತು. ಲಿನಕ್ಸನ್ನು ಒಳಗೆ ಬರಮಾಡಿಕೊಳ್ಳುವ ವಿಚಾರವನ್ನು ಆ ತಿದ್ದುಪಡಿ ಮುಗಿಯುವವರೆಗೆ ಮುಂದಕ್ಕೆ ಹಾಕಿದರು. ಹೊಸ ಆವೃತ್ತಿಗಳು ಮತ್ತೆ ಬರುವುವು, ಅವಸರವಿಲ್ಲ. ಆದರೆ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಕವಿತೆ, ಪತ್ರ, ವಂಶಾವಳಿಗಳು ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿವೆ. ಬರೆದವರ ಕಿವಿ ಜೊತೆಯಲ್ಲಿರುವಾಗಲೇ ಅವುಗಳನ್ನು ಒಮ್ಮೆ ತೆರೆದು ನೋಡುವುದು ಉಚಿತ.